ಹತ್ತೊಂಬತ್ತನೆಯವರು

ಆರು ಅಭಿನಂದನಾ ಪತ್ರಗಳನ್ನು ಬರೆದು ಮುಗಿಸಿ ಏಳನೆಯದರ ಹತ್ತಿರ ಬಂದಾಗ ಲೆಕ್ಕದ ಟೀಚರ ಪೆನ್ನು ನಿಂತಿತು. ಮಸಿ ಮುಗಿದಿರಲಿಲ್ಲ. ಕೈಯೂ ನಡುಗುತ್ತಿರಲಿಲ್ಲ; ಅರವತ್ತೇಳು ತುಂಬಿದರೂ ಅವರ ಅಕ್ಷರ ಇನ್ನೂ ಕರಿಹಲಗೆಯ ಮೇಲಿದ್ದ ಹಾಗೇ ದುಂಡಗೆ, ಒಂದರ ಕಾಲು ಇನ್ನೊಂದಕ್ಕೆ ತಾಗದಂತೆ ಇತ್ತು. ಅದಕ್ಕೇ ಈ ಕೆಲಸ ಅವರ ಪಾಲಿಗೆ ಬಂದದ್ದು. “ಪ್ರಿಂಟ್ ಹಾಕ್ಸಿದ್ರೆ ಅಂಗಡಿಯಿಂದ ತಂದ ಹಾಗಿರುತ್ತೆ ಟೀಚರ್, ನೀವು ಬರೆದ್ರೆ ಮನೆಯಿಂದ ಕೊಟ್ಟ ಹಾಗಿರುತ್ತೆ” ಎಂದು ಕಟ್ಟಡದ ಕಾರ್ಯದರ್ಶಿ ದಪ್ಪ ಹಾಳೆಗಳನ್ನೂ, ಏನು ಬರೆಯಬೇಕೆಂಬ ಚೀಟಿಯನ್ನೂ ಕೊಟ್ಟು ಹೋಗಿದ್ದರು. ಕಾರ್ಯದರ್ಶಿ ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು; ಕಟ್ಟಡದವರೆಲ್ಲ ಈಗಲೂ ಅವರನ್ನು ಕಂಡಕ್ಟರೆಂದೇ ಕರೆಯುತ್ತಿದ್ದರು. ಏಳನೆಯವನ ಪಾಲಿಗೆ ಅವರು ಚೀಟಿಯಲ್ಲಿ ಬರೆದಿದ್ದದ್ದು ಇಷ್ಟು: ‘ಒಳಗೆ ಸಿಕ್ಕಿಕೊಂಡಿದ್ದ ಜೀವವನ್ನು ಉಳಿಸಲು ಪ್ರಾಣದ ಹಂಗು ತೊರೆದು ಎರಡನೆಯ ಸಲ ಬೆಂಕಿಗೆ ನುಗ್ಗಿದ ಧೀರನಿಗೆ.’ ಟೀಚರ್ ‘ಒಳಗೆ’ ಎಂದು ಬರೆದರು. ಮುಂದಕ್ಕೆ ಹೋಗಲಾಗಲಿಲ್ಲ.

ಒಳಗೆ ಯಾರೂ ಇರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಬೆಂಕಿ ಆರಿದ ಮೇಲೆ ಯಾವ ಮನೆಯಲ್ಲೂ ಯಾರೂ ಸಿಗಲಿಲ್ಲ, ಯಾರ ಮನೆಯವರೂ ಕಾಣೆಯಾಗಿರಲಿಲ್ಲ. ಹಾಗಾದರೆ ಆ ದಿನ ಹೊರಗೆ ಬಂದವರನ್ನೆಲ್ಲ ಎಣಿಸಿ ಒಬ್ಬರು ಕಮ್ಮಿ ಇದ್ದಾರೆಂದು ಟೀಚರ್ ಹೇಳಿದ್ದು ಯಾರನ್ನು? ಮೂರನೆಯ ದಿನ ಮೇಲಿನ ಮನೆಯ ಕಂದು ಬೆಕ್ಕು, ಮೀಸೆಯ ಒಂದು ಬದಿ ಸುಟ್ಟುಕೊಂಡು ಎಲ್ಲಿಂದಲೋ ಮರಳಿ ಬಂದಾಗ ಕಂಡಕ್ಟರೇ ಉತ್ತರ ಕಂಡುಹಿಡಿದರು. “ಟೀಚರ್ ಲೆಕ್ಕ ತಪ್ಪೋದುಂಟೇನ್ರೀ? ಬೆಕ್ಕನ್ನೂ ಸೇರಿಸಿ ಎಣಿಸಿರ್ತಾರೆ. ಅವರಿಗೆ ಎಲ್ಲಾ ಜೀವಾನೂ ಒಂದೇ.” ಎಲ್ಲರೂ ಹೌದೆಂದರು. ಅಂದಿನಿಂದ ಆ ಬೆಕ್ಕಿಗೆ ಆರು ಮನೆಯ ಹಾಲು. ಒಬ್ಬ ಮನುಷ್ಯ ತನಗಾಗಿ ಕೈ ಸುಟ್ಟುಕೊಂಡನೆಂಬ ಗತ್ತಿನಲ್ಲಿ ಅದು ನಾಲ್ಕು ತಿಂಗಳಲ್ಲಿ ದಿಂಬಿನ ಹಾಗೆ ಊದಿಕೊಂಡಿತ್ತು. ಮೆಟ್ಟಿಲ ಮೇಲೆ ಅದು ಎದುರಾದಾಗಲೆಲ್ಲ ಟೀಚರ್ ಸರಿದು ದಾರಿ ಬಿಡುತ್ತಿದ್ದರು, ಸಾಲ ಕೊಟ್ಟವರಿಗೆ ಬಿಡುವ ಹಾಗೆ. ಟೀಚರ ಮಾನ ಉಳಿಸಲು ಜನ ಇಷ್ಟು ಸುಲಭವಾಗಿ ಒಂದು ಕಥೆ ಕಟ್ಟಿಕೊಟ್ಟರಲ್ಲ ಎಂಬುದು ಅವರಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

“ಇನ್ನೂ ಆಗ್ಲಿಲ್ವಾ ಅಕ್ಕ?” ಒಳಗಿನಿಂದ ತಂಗಿ ಕೂಗಿದಳು. ಮೊಣಕಾಲು ಸರಿಯಿಲ್ಲದ ತಂಗಿ ಕುಳಿತಲ್ಲಿಂದಲೇ ಮನೆಯನ್ನೆಲ್ಲ ಆಳುವವಳು. “ಐದು ಗಂಟೆಗೆ ಜನ ಬರ್ತಾರೆ. ಏಳು ಹಾಳೆಗೆ ಏಳು ಜನ್ಮ ತಗೊಳ್ತಿದ್ದೀಯಲ್ಲ!”

“ಒಂದು ಬಾಕಿ ಇದೆ ಕಣೇ” ಎಂದರು ಟೀಚರ್. ಒಂದು ಬಾಕಿ. ಆ ಎರಡು ಮಾತು ಬಾಯಿಂದ ಹೊರಟದ್ದೇ ಕಿವಿಗೆ ಬೇರೆಯಾಗಿ ಕೇಳಿಸಿತು.

ಮುಗಿದ ಆರನ್ನೂ ಅವರು ಮತ್ತೊಮ್ಮೆ ನೋಡಿದರು. ಆ ಭಾನುವಾರ ಮಧ್ಯಾಹ್ನ, ಊಟವಾಗಿ ಎಲ್ಲರೂ ಅಡ್ಡಾಗಿದ್ದಾಗ, ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆ ಚಟಪಟ ಸಿಡಿದು ಹೊಗೆ ಮೆಟ್ಟಿಲ ಉದ್ದಕ್ಕೂ ತುಂಬಿಕೊಂಡಿತು. ಎದುರು ಕಟ್ಟಡಕ್ಕೆ ಬಣ್ಣ ಬಳಿಯುತ್ತಿದ್ದವನು ಏಣಿ ಹೊತ್ತು ಓಡಿ ಬಂದು ಮೊದಲ ಮಹಡಿಗೆ ಆನಿಸಿದ, ಅವನಿಗೊಂದು ಪತ್ರ. ಇಸ್ತ್ರಿಯವನು ಆಗಷ್ಟೇ ಮಡಿಸಿಟ್ಟಿದ್ದ ಗಿರಾಕಿಗಳ ಹೊದಿಕೆಗಳನ್ನೆಲ್ಲ ಬಕೆಟ್ಟಿನ ನೀರಿನಲ್ಲಿ ಅದ್ದಿ ಅದ್ದಿ ಮೇಲಕ್ಕೆಸೆದ. ಅವು ಯಾರವೆಂದು ಅವನು ಇವತ್ತಿಗೂ ಯಾರಿಗೂ ಹೇಳಿಲ್ಲ, ಒಗೆದು ಮತ್ತೆ ಇಸ್ತ್ರಿ ಹಾಕಿ ಎರಡು ದಿನ ತಡವಾಗಿ ಕೊಟ್ಟನಂತೆ, ಬೈಸಿಕೊಂಡನಂತೆ. ಟೀ ಅಂಗಡಿಯ ಅಕ್ಕ, ಆಂಬುಲೆನ್ಸ್ ಓಡಿಸಿದವರು, ಅಗ್ನಿಶಾಮಕ ದಳದ ಮುಖ್ಯಸ್ಥರು, ಪೈಪು ಹಿಡಿದಾತ. ಅವರೆಲ್ಲರ ಹೆಸರೂ ಸಲೀಸಾಗಿ ಬಂದಿತ್ತು. ಬರೆಯುವಾಗ ಟೀಚರಿಗೆ ಒಬ್ಬೊಬ್ಬರ ಕೈಯೂ ನೆನಪಾಗಿತ್ತು, ಮುಖವಲ್ಲ. ಏಣಿ ಹಿಡಿದ ಕೈಯಲ್ಲಿ ಹಸಿರು ಬಣ್ಣ, ಹೊದಿಕೆ ಹಿಂಡುವ ಕೈಯಲ್ಲಿ ಹಳೆಯ ಇಸ್ತ್ರಿ ಬರೆಗಳು. ಏಳನೆಯವನ ಕೈ ಮಾತ್ರ ಅವರು ನೋಡಿದಾಗ ಬಿಳಿ ಬಟ್ಟೆಯೊಳಗಿತ್ತು. ಆಸ್ಪತ್ರೆಯ ವಾರ್ಡಿನ ಬಾಗಿಲವರೆಗೆ ಬಿಸ್ಕತ್ತಿನ ಪೊಟ್ಟಣ ಹಿಡಿದು ಹೋಗಿದ್ದರು. ಅವನ ಹೆಂಡತಿ ಅವನಿಗೆ ಉಣಿಸುತ್ತಿದ್ದಳು, ಅವನು ನಾಚಿಕೊಂಡು ಬಾಯಿ ತೆರೆಯುತ್ತಿದ್ದ. ಟೀಚರ್ ಹೊಸ್ತಿಲು ದಾಟಲಿಲ್ಲ. ಪೊಟ್ಟಣವನ್ನು ಗೇಟಿನ ಕಾವಲುಗಾರನಿಗೆ ಕೊಟ್ಟರು. “ಯಾರಿಗೆ ತಲುಪಿಸ್ಬೇಕಮ್ಮಾ?” “ಯಾರಿಗೂ ಬೇಡಪ್ಪಾ, ನೀನೇ ತಿನ್ನು.”

ಎದುರಿನ ಕಾಲುದಾರಿಯ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದು ಅವರೇ. ಯಾರೂ ಹೇಳಿರಲಿಲ್ಲ, ಮೂವತ್ತನಾಲ್ಕು ವರ್ಷದ ಅಭ್ಯಾಸ ತಾನಾಗಿ ಎದ್ದು ನಿಂತಿತ್ತು. ಪ್ರವಾಸಕ್ಕೆ ಹೊರಟ ಮಕ್ಕಳನ್ನು ಬಸ್ಸಿನ ಬಾಗಿಲಲ್ಲಿ ಎಣಿಸು, ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಎಣಿಸು, ನೀರಿನ ದಂಡೆಯಲ್ಲಂತೂ ಎರಡೆರಡು ಸಲ ಎಣಿಸು. ನಲವತ್ತೆರಡು, ನಲವತ್ತೆರಡು, ನಲವತ್ತೆರಡು. ಒಂದು ಮಗುವನ್ನೂ ಅವರು ಕಳೆದವರಲ್ಲ. ಆ ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತು ರವಿಕೆಗೆ ಗುಂಡಿ ಹಚ್ಚುತ್ತಿದ್ದ ಅವರಿಗೆ ಯಾರು ಹೊರಗೆ ಹೋಗಿದ್ದಾರೆ, ಯಾರು ಒಳಗಿದ್ದಾರೆ ಎಂಬುದು ಬಾಯಿಪಾಠವಾಗಿತ್ತು: ಕಟ್ಟಡದಲ್ಲಿ ಹತ್ತೊಂಬತ್ತು ಜನ. ಬೆರಳು ಮಾಡಿ ಎಣಿಸಿದರು. ಹದಿನೆಂಟು. ಅಳುವವರನ್ನು ಸುಮ್ಮನಿರಿಸಿ, ಮಡಿಲಲ್ಲಿದ್ದ ಕೂಸಿನ ತಲೆ ಮುಟ್ಟಿ ಮತ್ತೆ ಎಣಿಸಿದರು. ಹದಿನೆಂಟು. ಮೂರನೆಯ ಸಲವೂ ಹದಿನೆಂಟು. ಮುಖದ ತುಂಬ ಮಸಿ ಬಳಿದುಕೊಂಡಿದ್ದ, ಅಗ್ನಿಶಾಮಕ ದಳದ ಆ ಏಳನೆಯವನು ಆಗ ಪಕ್ಕದಲ್ಲೇ ನಿಂತಿದ್ದ. “ಎಲ್ಲರೂ ಬಂದ್ರಾ ಅಮ್ಮಾ?” “ಇಲ್ಲ, ಒಬ್ಬರು ಕಮ್ಮಿ.” “ಖಂಡಿತಾನಾ?” ಅದಕ್ಕೆ ಟೀಚರ್ ಹೇಳಿದ ಮಾತು ನಾಲ್ಕು ತಿಂಗಳಿಂದ ಅವರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತ್ತು. “ನಾನು ಲೆಕ್ಕದ ಟೀಚರ್ ಕಣಪ್ಪಾ!” ಅವನು ಮುಖವಾಡ ಎಳೆದುಕೊಂಡು ಒಳಗೆ ಹೋದ. ಹನ್ನೊಂದು ನಿಮಿಷ. ಹೊರಗೆ ತಂದಾಗ ಇಬ್ಬರು ಅವನ ಹೆಗಲು ಹಿಡಿದಿದ್ದರು, ಬಲಗೈಯನ್ನು ಅವನು ತನ್ನದಲ್ಲವೆಂಬಂತೆ ದೂರ ಚಾಚಿದ್ದ.

ಆಂಬುಲೆನ್ಸ್ ಹೋಗಿ ಸ್ವಲ್ಪ ಹೊತ್ತಿಗೆ ಟೀ ಅಂಗಡಿಯ ಅಕ್ಕ ಎರಡು ತಟ್ಟೆಯ ತುಂಬ ಟೀ ತಂದಳು. ಒಬ್ಬೊಬ್ಬರ ಕೈಗೂ ಒಂದೊಂದು ಲೋಟ ಇಡುತ್ತ, ತನ್ನಷ್ಟಕ್ಕೆ ಎಣಿಸುತ್ತ ಬಂದಳು. “ಹದಿನೇಳು, ಹದಿನೆಂಟು… ತಗೊಳ್ಳಿ ಟೀಚರ್, ಇದು ನಿಮ್ದು. ಹತ್ತೊಂಬತ್ತು. ಸರಿಯಾಗಿ ಆಯ್ತು ನೋಡಿ.” ಲೋಟ ಬಿಸಿಯಿತ್ತು. ಟೀಚರ್ ಅದನ್ನೇ ನೋಡಿದರು: ಹತ್ತೊಂಬತ್ತನೆಯದು ತಮ್ಮದೇ. ತಕ್ಕಡಿಯನ್ನು ಯಾರೂ ತೂಗುವುದಿಲ್ಲ. ಮಕ್ಕಳನ್ನು ಎಣಿಸುವ ಟೀಚರ್ ಮಕ್ಕಳ ಲೆಕ್ಕಕ್ಕೆ ಸೇರುವುದಿಲ್ಲ. ಹೊಳೆ ದಾಟಿದ ದಡ್ಡರು ತಮ್ಮನ್ನು ತಾವೇ ಬಿಟ್ಟು ಎಣಿಸಿ ಗೋಳಾಡಿದ ಕಥೆಯನ್ನು ನೀರಿನ ದಂಡೆಯಲ್ಲಿ ಎಷ್ಟು ಸಲ ಹೇಳಿಲ್ಲ, ನಲವತ್ತೆರಡು ಮಕ್ಕಳೂ ಹೊಟ್ಟೆ ಹಿಡಿದು ನಕ್ಕಿಲ್ಲ! ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಟೀಯ ಮೇಲೆ ಕೆನೆ ಕಟ್ಟಿತು. ಮಾರನೆಯ ದಿನ ಹೇಳೋಣವೆಂದುಕೊಂಡರು. ಅಷ್ಟರಲ್ಲಿ ಬೆಕ್ಕು ಬಂತು.

ಏಳನೆಯ ಹಾಳೆ ಇನ್ನೂ ಹಾಗೇ ಇರುವಾಗ, ನಾಲ್ಕು ಗಂಟೆಗೆ ಬಾಗಿಲು ಸದ್ದಾಯಿತು. ಕಂಡಕ್ಟರ ದನಿ ಮೊದಲು ಒಳಗೆ ಬಂತು. “ಟೀಚರ್, ನಮ್ಮ ಮುಖ್ಯ ಅತಿಥಿ ಒಂದು ಗಂಟೆ ಮೊದಲೇ ಇಳಿದುಬಿಟ್ಟಿದ್ದಾರೆ. ಕೆಳಗೆ ಇನ್ನೂ ಸ್ಕೂಟರ್‌ಗಳನ್ನೇ ತೆಗೆದಿಲ್ಲ, ಕುರ್ಚಿ ಹಾಕಿಲ್ಲ. ನಿಮ್ಮನೇಲಿ ಸ್ವಲ್ಪ ಕೂತಿರ್ಲಿ.” ಅವರ ಬೆನ್ನ ಹಿಂದೆ ಅವನು ನಿಂತಿದ್ದ. ಮಸಿಯಿಲ್ಲದ ಮುಖ. ಮೂವತ್ತೈದರ ಆಸುಪಾಸು, ಕೆನ್ನೆಯಲ್ಲಿ ಒಂದು ಗುಳಿ. ತಾವು ಬೆಂಕಿಗೆ ಕಳಿಸಿದವನ ಕೆನ್ನೆಯಲ್ಲಿ ಗುಳಿಯಿದೆಯೆಂದೂ ಅವರಿಗೆ ಇಷ್ಟು ದಿನ ಗೊತ್ತಿರಲಿಲ್ಲ. ಕಂಡಕ್ಟರು ಮೊಣಕಾಲು ನೋವಿನ ತಂಗಿಯನ್ನು ಕೈಹಿಡಿದು ಕೆಳಗಿಳಿಸಿಕೊಂಡು ಹೋದರು. ಆಕೆಗೆ ಮುಂದಿನ ಸಾಲಿನ ಕುರ್ಚಿಯೇ ಆಗಬೇಕು.

“ಬನ್ನಿ, ಕೂತ್ಕೊಳ್ಳಿ” ಎಂದರು ಟೀಚರ್. ಅವನು ಕೂರಲಿಲ್ಲ. ಕೋಣೆಯ ನಡುವೆ ನಿಂತು, ಗೋಡೆಯ ಮೇಲೆ ಕಣ್ಣಾಡಿಸುತ್ತ, ಹಳೆಯ ಪರಿಚಯದವನ ಹಾಗೆ ಕೇಳಿದ. “ಇಲ್ಲೊಂದು ಮಂಚ ಇತ್ತಲ್ವಾ ಅಮ್ಮಾ? ಮೇಲೊಂದು ಹಲಗೆ?”

“ಇತ್ತು. ನನ್ನದೇ ಮಂಚ. ಹಲಗೆ ಮೇಲೆ ಹಳೇ ಲೆಕ್ಕದ ಪುಸ್ತಕ ಇಟ್ಟಿದ್ದೆ. ಎಲ್ಲಾ ಹೋಯ್ತು. ನಿಮಗೆ ಹೇಗೆ ಗೊತ್ತು?”

“ಈ ಮನೆ ಬಾಗಿಲು ತೆಗೆದೇ ಇತ್ತು, ಬೆಂಕಿ ಒಳಗೆ ಬಂದುಬಿಟ್ಟಿತ್ತು. ಎರಡನೇ ಸಲ ಬಂದಾಗ ಕೊನೇಗೆ ನೋಡಿದ್ದು ಇದನ್ನೇ. ಏನೂ ಕಾಣ್ತಿರಲಿಲ್ಲ. ಮಂಚ ಸಿಕ್ತು. ಗ್ಲೌಸ್ ತೆಗೆದೆ. ತೆಗೀಬಾರದು, ಬೈತಾರೆ. ಆದ್ರೆ ಗ್ಲೌಸ್ ಇದ್ರೆ ದಿಂಬು ಯಾವುದು, ಮನುಷ್ಯರು ಯಾವುದು ಗೊತ್ತಾಗಲ್ಲಮ್ಮಾ. ದಿಂಬೇ ಆಗಿತ್ತು. ಅಷ್ಟರಲ್ಲಿ ಮೇಲಿಂದ ಪುಸ್ತಕ ಬಿತ್ತು.” ಅವನು ನಕ್ಕ. “ಶಾಲೇಲೂ ಲೆಕ್ಕದ ಪುಸ್ತಕ ಕಂಡ್ರೆ ನನಗೆ ಆಗ್ತಿರಲಿಲ್ಲ.”

ಟೀಚರ್ ಕುರ್ಚಿಯ ಬೆನ್ನು ಹಿಡಿದುಕೊಂಡರು. ಅದೇ ದಿಂಬಿನ ಮೇಲೆ ದಿನಾ ಮಧ್ಯಾಹ್ನ ತಮ್ಮ ತಲೆ ಇರುತ್ತಿತ್ತು. ಗುಂಡಿ ಹಚ್ಚುವ ಕೆಲಸ ಇರದಿದ್ದರೆ ಅವತ್ತೂ ಇರುತ್ತಿತ್ತು. ಈ ಮನುಷ್ಯ ಕತ್ತಲಲ್ಲಿ, ಬರಿಗೈಯಲ್ಲಿ, ತಮ್ಮ ಮಂಚದ ಮೇಲೆ ತಮ್ಮ ತಲೆಯನ್ನೇ ಹುಡುಕುತ್ತಿದ್ದಾಗ ತಾವು ಎದುರಿನ ಕಾಲುದಾರಿಯಲ್ಲಿ ಬೆರಳು ಮಡಚುತ್ತ ನಿಂತಿದ್ದರು.

“ಒಳಗೆ ಯಾರೂ ಇರಲಿಲ್ಲ” ಎಂದರು. ದನಿ ತರಗತಿಯ ದನಿಯಾಗಿ ಬಂತು, ಗಟ್ಟಿಯಾಗಿ. “ಬೆಕ್ಕೂ ಅಲ್ಲ. ನಾನು ನನ್ನನ್ನೇ ಎಣಿಸಿರಲಿಲ್ಲ. ನೀವು ಹುಡುಕಿದ್ದು ನನ್ನನ್ನ.”

ಅವನು ಈಗ ಕೂತ. ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡ. ಚರ್ಮ ನಯವಾಗಿ, ಗುಲಾಬಿಯಾಗಿ, ಎಳೆಗೂಸಿನದರಂತೆ ಹೊಳೆಯುತ್ತಿತ್ತು. ಎರಡು ಬೆರಳು ನೆಟ್ಟಗೆ ನಿಂತಿದ್ದವು.

“ಗೊತ್ತು ಅಮ್ಮಾ” ಎಂದ.

“ಯಾವಾಗ ಗೊತ್ತಾಯ್ತು?”

“ಆಗ್ಲೇ. ನೀವು ಮೂರನೇ ಸಲ ಎಣಿಸೋವಾಗ ನಿಮ್ಮ ಜೊತೆ ನಾನೂ ಎಣಿಸ್ದೆ. ನನಗೆ ಹತ್ತೊಂಬತ್ತು ಬಂತು.”

ಟೀಚರಿಗೆ ಮೊದಲು ಬಂದದ್ದು ಸಿಟ್ಟು, ಉತ್ತರ ಗೊತ್ತಿದ್ದೂ ಕೈಯೆತ್ತದ ಹುಡುಗನ ಮೇಲೆ ಬರುವಂಥದ್ದು. “ಮತ್ಯಾಕೆ ಹೋದ್ರಿ? ಹೇಳ್ಬಾರದಿತ್ತಾ ‘ಟೀಚರ್, ನಿಮ್ಮನ್ನ ಬಿಟ್ರಿ’ ಅಂತ? ಒಂದು ಮಾತು!”

“ನನ್ನ ಲೆಕ್ಕ ತಪ್ಪಿದ್ರೆ?” ಎಂದು ಅವನು ಕೇಳಿದ, ನಿಜವಾಗಿಯೂ ಅವರನ್ನೇ ಕೇಳುವವನ ಹಾಗೆ. “ಜನ ಅತ್ತಿಂದಿತ್ತ ಓಡಾಡ್ತಿದ್ರು. ದಾರೀಲಿ ಹೋಗೋರೂ ಬಂದು ನಿಂತಿದ್ರು. ಅವರಲ್ಲಿ ಯಾರನ್ನೋ ನಾನು ಸೇರಿಸಿ ಎಣಿಸಿದ್ರೆ? ನೀವು ಹದಿನೆಂಟು ಅಂತೀರಿ, ನನಗೆ ಹತ್ತೊಂಬತ್ತು. ಎರಡು ಲೆಕ್ಕ ಬಂದ್ರೆ ಕಮ್ಮಿ ಇರೋದನ್ನೇ ನಂಬಬೇಕು. ಅದು ನಮ್ಮ ಕಸುಬಿನ ಲೆಕ್ಕ. ನಿಮ್ಮ ಪುಸ್ತಕದಲ್ಲಿ ಇರಲ್ಲ.” ಆಮೇಲೆ ಹೇಳಿದ: “ದಿಂಬು ಅಂತ ಗೊತ್ತಾದಾಗ ಎಷ್ಟು ಖುಷಿ ಆಯ್ತು ಗೊತ್ತಾ? ‘ಯಾರೂ ಇಲ್ಲ!’ ಅಂತ ಕೂಗ್ದೆ. ನಮ್ಮ ಕೆಲಸದಲ್ಲಿ ಅದಕ್ಕಿಂತ ಒಳ್ಳೇ ಮಾತಿಲ್ಲ.”

“ನಿಮ್ಮ ಆಫೀಸಿನಲ್ಲಿ ಕೇಳಲಿಲ್ವಾ? ಯಾರು ಹೇಳಿದ್ದು ಅಂತ?”

“ಕೇಳಿದ್ರು. ಹೊಗೇಲಿ ಮುಖ ನೋಡ್ಲಿಲ್ಲ ಅಂದೆ.” ಕೆನ್ನೆಯ ಗುಳಿ ಕಾಣಿಸಿ ಮರೆಯಾಯಿತು. “ಈಗ ನನ್ನನ್ನ ಫೋನ್ ಹತ್ರ ಕೂರಿಸಿದ್ದಾರೆ. ಎಷ್ಟು ಜನ ಇದ್ದೀರಿ ಅಂತ ಕೇಳಿ ಬರ್ಕೊಳ್ಳೋದು. ಎಡಗೈಲಿ ಬರೀತೀನಿ, ಕಾಗೆ ಕಾಲಿನ ಅಕ್ಷರ. ಎಲ್ರಿಗೂ ಒಂದು ಮಾತು ಜಾಸ್ತಿ ಹೇಳ್ತೀನಿ: ನಿಮ್ಮನ್ನೂ ಸೇರಿಸಿ ಎಣಿಸಿ ಅಂತ. ಹತ್ತು ಜನದಲ್ಲಿ ಇಬ್ಬರು ಮೂವರು ‘ಅಯ್ಯೋ, ಹೌದಲ್ಲ’ ಅಂತಾರೆ. ನೀವೊಬ್ಬರೇ ಅಲ್ಲ ಟೀಚರ್.”

ಬೆಂಕಿ ಆರಿಸುವ ಕೆಲಸ ಮತ್ತೆ ಸಿಗುತ್ತದೆಯೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ; ನೆಟ್ಟಗಿದ್ದ ಎರಡು ಬೆರಳು ಉತ್ತರ ಹೇಳುತ್ತಿದ್ದವು. ಅವನು ಹೇಳಿದ್ದರಿಂದ ಗಂಟಲ ಮುಳ್ಳು ಕರಗಲಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದು ಉಸಿರಿಗೆ ದಾರಿ ಬಿಟ್ಟಿತು. ಅವನ ಅಂಗಿಯ ಎಡತೋಳಿನ ತುದಿಯಲ್ಲಿ ಗುಂಡಿ ಹಾಕದೆ ಬಿಟ್ಟದ್ದು ಆಗ ಅವರ ಕಣ್ಣಿಗೆ ಬಿತ್ತು. ಬಲಗೈಯ ಆ ಬೆರಳುಗಳಿಂದ ಆಗದ ಕೆಲಸ ಅದು. ಹೆಂಡತಿ ಕೆಲಸದ ಜಾಗದಿಂದ ನೇರವಾಗಿ ಬರುತ್ತಾಳಂತೆ; ಮನೆಯಲ್ಲಿ ಒಬ್ಬನೇ ಸಮವಸ್ತ್ರ ಹಾಕಿಕೊಂಡಿದ್ದ. ಅದಕ್ಕೇ ಇಷ್ಟು ಬೇಗ ಹೊರಟಿದ್ದ. ಒಂದೊಂದು ಗುಂಡಿಗೂ ಎಷ್ಟು ಹೊತ್ತು ಬೇಕೋ ತಿಳಿಯದೆ ಹೊತ್ತು ಹೆಚ್ಚೇ ಇಟ್ಟುಕೊಂಡಿದ್ದ. “ಕೈ ಕೊಡಿ” ಎಂದರು ಟೀಚರ್. ಅವನು ಬಲಗೈ ಚಾಚಲು ಹೋದ. “ಅದಲ್ಲ, ಇದು.” ಗುಂಡಿ ಸಡಿಲವಾಗಿತ್ತು. ಸೂಜಿ ತಂದರು. ಅವನು ಕೈ ಚಾಚಿ ಕೂತ, ಅವರು ಎರಡು ಸುತ್ತು ಹೊಲಿದು ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿ, ಗುಂಡಿ ಹಾಕಿದರು. ಆಮೇಲೆ ಮೇಜಿನ ಹತ್ತಿರ ಹೋಗಿ, ‘ಒಳಗೆ’ ಎಂಬ ಪದದ ಮುಂದೆ ಒಂದೇ ಉಸಿರಿಗೆ ಬರೆದು ಮುಗಿಸಿದರು.

ಕೆಳಗೆ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಹೊಸ ಸುಣ್ಣದ ವಾಸನೆ. ಕುರ್ಚಿಗಳು ತುಂಬಿದ್ದವು. ಕಂಡಕ್ಟರು ಮೈಕು ಹಿಡಿದು “ಒಳಗೆ ಬನ್ನಿ, ಒಳಗೆ ಬನ್ನಿ, ಹಿಂದೆ ಜಾಗ ಇದೆ” ಎಂದರು, ಎಲ್ಲರೂ ನಕ್ಕರು. ಟೀಚರ್ ಒಂದೊಂದೇ ಪತ್ರ ಓದಿದರು. ಇಸ್ತ್ರಿಯವನು ಪತ್ರವನ್ನು ಮಡಿಕೆ ಬೀಳದಂತೆ ಎರಡು ಅಂಗೈಯಲ್ಲಿ ಹಿಡಿದು ಇಳಿದ. ಟೀ ಅಂಗಡಿಯ ಅಕ್ಕ “ನಾನೇನು ಮಾಡ್ದೆ ಟೀಚರ್, ಟೀ ಮಾಡ್ದೆ” ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಏಳನೆಯದು. “ಒಳಗೆ ಯಾರೂ ಇಲ್ಲವೆಂದು ನೋಡಿ ಬರಲು ಬೆಂಕಿಯೊಳಗೆ ಹೋದವರಿಗೆ” ಎಂದು ಓದಿದರು ಟೀಚರ್.

“ಚೀಟೀಲಿ ಹಾಗಿರಲಿಲ್ಲವಲ್ಲ!” ಕಂಡಕ್ಟರು ಮೈಕಿನಲ್ಲೇ ಅಂದುಬಿಟ್ಟರು. “ಬೆಕ್ಕು?”

“ಬೆಕ್ಕನ್ನ ನಾನು ಎಣಿಸಿರಲಿಲ್ಲ ಕಂಡಕ್ಟ್ರೇ. ನನ್ನನ್ನೂ ಎಣಿಸಿರಲಿಲ್ಲ. ಲೆಕ್ಕ ತಪ್ಪಿದ್ದು ನಾನು. ಕೈ ಸುಟ್ಟಿದ್ದು ಇವರದು.”

ಮೊದಲ ಸಾಲಿನಲ್ಲಿ ತಂಗಿ ಬಾಯಿ ತೆರೆದವಳು ತೆರೆದೇ ಇದ್ದಳು. ಬಣ್ಣದವನು ಏಣಿಯ ಮೇಲಿನಿಂದ ನೋಡುವವನಂತೆ ನೋಡಿದ. ನಂತರ ಕಂಡಕ್ಟರು ಮೈಕು ಕೆಳಗಿಳಿಸಿ, ಬರಿಯ ಬಾಯಲ್ಲಿ ಹೇಳಿದರು: “ನಮ್ಮಲ್ಲೂ ಅಷ್ಟೇ ಟೀಚರ್. ಚೆಕಿಂಗ್‌ನವರು ಹತ್ತಿ ಬಸ್ಸಲ್ಲಿ ಎಷ್ಟು ಜನ ಅಂದ್ರೆ, ಮೂವತ್ತು ವರ್ಷ ನನ್ನನ್ನ, ಡ್ರೈವರನ್ನ ಬಿಟ್ಟೇ ಹೇಳಿದ್ದೀನಿ.” ಒಬ್ಬರು ನಕ್ಕರು, ಇನ್ನೊಬ್ಬರು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಅವನು ಎಡಗೈಯಲ್ಲಿ ಪತ್ರ ತೆಗೆದುಕೊಂಡ. ಅವನ ಹೆಂಡತಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಕೆಲಸದಿಂದ ನೇರವಾಗಿ ಬಂದಿದ್ದ ಅವಳು ಮಡಿಲಲ್ಲಿ ಕೈಯಿಟ್ಟುಕೊಂಡು ಟೀಚರನ್ನು ನೋಡುತ್ತಿದ್ದಳು. ಆ ನೋಟದಿಂದ ಟೀಚರ್ ತಪ್ಪಿಸಿಕೊಳ್ಳಲಿಲ್ಲ. ನಾಲ್ಕು ತಿಂಗಳು ಉಣಿಸಿದವಳಿಗೆ ಅಷ್ಟು ಹೊತ್ತು ನೋಡುವ ಹಕ್ಕಿದೆ ಎನಿಸಿತು. ಕಾರ್ಯಕ್ರಮ ಮುಗಿದು ಜನ ಟೀಗಾಗಿ ಕಾದು ಕೂತಾಗ ಟೀಚರ್ ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತರು. ಅವಳು ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನೆತ್ತಿ ಕೆಳಗಿಟ್ಟಳು. ಟೀಚರ್ ಹೋಗಿ ಕೂತರು.

“ಎಷ್ಟು ಟೀ ತರ್ಲಿ ಟೀಚರ್?” ರಸ್ತೆಯಾಚೆಯಿಂದ ಟೀ ಅಂಗಡಿಯ ಅಕ್ಕ ಕೂಗಿದಳು. ಟೀಚರ್ ಎದ್ದರು. ಈ ಸಲ ಅಂಗೈಯನ್ನು ತಮ್ಮ ಎದೆಯ ಮೇಲಿಟ್ಟುಕೊಂಡು “ಒಂದು” ಎಂದು ಶುರು ಮಾಡಿದರು. ಕಂಡಕ್ಟರು, ತಂಗಿ, ಬಣ್ಣದವನು, ಕೂಸನ್ನು ಬಿಡದೆ, ಯಾರನ್ನೂ ಬಿಡದೆ, ಕೊನೆಯ ಸಾಲಿನವರೆಗೂ ಬೆರಳು ಹಾಯಿಸಿದರು. “ಮೂವತ್ತೊಂದು!”

ಕಪ್ಪುಗಳು ಬಂದವು, ಕೈಯಿಂದ ಕೈಗೆ ಹೋದವು, ಕೊನೆಗೆ ತಟ್ಟೆಯಲ್ಲಿ ಒಂದು ಉಳಿಯಿತು. ಅಕ್ಕ ಅದನ್ನು ನೋಡಿದಳು, ಟೀಚರನ್ನು ನೋಡಿದಳು. “ಒಂದು ಜಾಸ್ತಿ ಆಯ್ತಲ್ಲ ಟೀಚರ್?”

ಟೀಚರ್ ಮನಸ್ಸಿನಲ್ಲೇ ಹಿಂದಕ್ಕೆ ಹೋಗಿ ನೋಡಿದರು. ಶುರುವಿಗೊಮ್ಮೆ ಎದೆ ಮುಟ್ಟಿಕೊಂಡದ್ದು ನೆನಪಿತ್ತು. ಎಲ್ಲರೂ ಆದ ಮೇಲೆ, ಎಲ್ಲಿ ಮರೆತೆನೋ ಎಂದು ಇನ್ನೊಮ್ಮೆ ಮುಟ್ಟಿಕೊಂಡಿದ್ದರು. “ನನ್ನನ್ನ ಎರಡು ಸಲ ಎಣಿಸಿಬಿಟ್ಟೆ ಕಣೇ.”

ಪಕ್ಕದಲ್ಲಿ ಅವನ ಹೆಂಡತಿ ನಕ್ಕಳು. ನಗಬಾರದೆಂದು ತುಟಿ ಕಚ್ಚಿಕೊಂಡು, ತಡೆಯಲಾರದೆ, ಮೂಗಿನಿಂದ ಸಣ್ಣಗೆ. “ಕಮ್ಮಿ ಆಗೋದಕ್ಕಿಂತ ಒಳ್ಳೇದು ಬಿಡಿ” ಎಂದ ಅವನು. ಅವನ ಎಡಗೈಯಲ್ಲಿ ಪತ್ರವಿತ್ತು, ಇನ್ನೊಂದರಲ್ಲಿ ಏನನ್ನೂ ಹಿಡಿಯಲಾಗದೆ ಸುಮ್ಮನೆ ಕೂತಿದ್ದ. ಹಂಚುವವರು ಎಲ್ಲರಿಗಿಂತ ಮೊದಲು ಅವನ ಮುಂದಿನ ಸ್ಟೂಲಿನ ಮೇಲೆ ಇಟ್ಟು ಹೋದ ಕಪ್ಪು ಆಗಲೇ ಆರಿಹೋಗಿತ್ತು. ಟೀಚರ್ ಅವನ ಕೈಯಿಂದ ಪತ್ರ ತೆಗೆದು ಹೆಂಡತಿಯ ಚೀಲದೊಳಗೆ ನೆಟ್ಟಗೆ ನಿಲ್ಲಿಸಿದರು. ಆರಿದ ಕಪ್ಪನ್ನು ತಮ್ಮ ಕಡೆ ಎಳೆದುಕೊಂಡು, ಹೆಚ್ಚಾದ ಬಿಸಿ ಕಪ್ಪನ್ನು ಅವನ ಮುಂದಿಟ್ಟು, ಅದರ ಹಿಡಿಯನ್ನು ಎಡಕ್ಕೆ ತಿರುಗಿಸಿದರು.